ರೇಷ್ಮೆಯ ಮೇಲೆ ಕೂತ ಬೆಕ್ಕಿನ ಮರಿ

ಮೊಳಕಾಲ್ಮೂರು
೧೭-೮-೨೦೦೮, ಭಾನುವಾರ

ಪ್ರೀತಿಯ ಅವ್ವಾ,

ಮೊದಲು ನಿನ್ನ ಮಂಡಿಯ ಸುದ್ದಿ ಹೇಳು, ಮಿಕ್ಕಿದ್ದು ಆಮೇಲೆ. ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತವಳು ನೀನು. ರಾಯದುರ್ಗದಲ್ಲಿ ಮಂಜಕ್ಕನ ಮನೆಯ ಆ ಕಡಿದಾದ ಮೆಟ್ಟಿಲು ಹತ್ತಿ ಇಳಿಯುವುದು ನಿನಗೆ ಆಗುವ ಕೆಲಸವಲ್ಲ. ಅಕ್ಕ ದಿನಾ ಎಳ್ಳೆಣ್ಣೆ ಕಾಯಿಸಿ ತಿಕ್ಕುತ್ತಾಳೋ, ಇಲ್ಲ ಟಿವಿ ಮುಂದೆ ಕೂತು ಮರೆಯುತ್ತಾಳೋ? ಮರೆತರೆ ಅಳಿಯನ ಮುಂದೆ ಬೈಯಬೇಡ, ಒಳಗೆ ಕರೆದು ಬೈ. ಊಟಕ್ಕೆ ಮುದ್ದೆ ಮಾಡಿಸಿಕೋ. ಮೂರು ಹೊತ್ತೂ ಅನ್ನ ಉಂಡರೆ ನಿನಗೆ ನಿದ್ದೆ ಬರುವುದಿಲ್ಲವೆಂದು ನನಗೆ ಗೊತ್ತು. ಅಕ್ಕನ ಮಗ ನಿನ್ನನ್ನು ತೆಲುಗಿನಲ್ಲಿ ಅಮ್ಮಮ್ಮಾ ಎಂದು ಕೂಗುತ್ತಾನಂತಲ್ಲ, ಸಂತೋಷ. ಆದರೆ ಇಲ್ಲಿ ನಿನ್ನನ್ನು ಅವ್ವಾ ಎನ್ನುವವನೂ ಒಬ್ಬ ಇದ್ದಾನೆ, ನೆನಪಿರಲಿ.

ಮೊಬೈಲ್ ಇರುವಾಗ ಇವನು ಕಾಗದ ಯಾಕೆ ಬರೆದ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ಸೊಸೆ ಸುನಿತಾಳ ಹೆಸರು ಬಂದ ಕೂಡಲೇ ನೀನು ಇಟ್ಟುಬಿಡುತ್ತೀಯಲ್ಲ, ಅದಕ್ಕೆ. ಕಾಗದವನ್ನಾದರೆ ಮಡಚಿ ತಲೆದಿಂಬಿನ ಕೆಳಗೆ ಹಾಕಬಹುದು, ಮಾತಿನ ನಡುವೆ ಕತ್ತರಿಸಲು ಬರುವುದಿಲ್ಲ. ಇದನ್ನು ಅಕ್ಕನ ಕೈಲಿ ಓದಿಸಬೇಡ. ಮಗ್ಗದ ಹಾಸಿನ ಎಳೆ ಎಣಿಸುವ ಹಾಗೆ ಬೆರಳಿಟ್ಟುಕೊಂಡು ನೀನೇ ಓದು. ಎರಡು ದಿನ ಹಿಡಿದರೂ ಪರವಾಗಿಲ್ಲ, ಕೊನೆಯವರೆಗೆ ಓದು.

ನೀನು ಮನೆ ಬಿಟ್ಟು ಹೋಗಿ ಎರಡು ತಿಂಗಳಾಯಿತು. ಕೆಂಚಿಯನ್ನು ಬೇವಿನ ಮರದ ಕೆಳಗೆ, ಹಸಿರು ರೇಷ್ಮೆಯ ತುಂಡಿನಲ್ಲಿ ಸುತ್ತಿ ನೀನೇ ಮಣ್ಣು ಮಾಡಿದ ನಾಲ್ಕನೆಯ ದಿನ ನೀನು ಚೀಲ ಹಿಡಿದು ಹೊರಟೆ. ಒಂಬತ್ತು ವರ್ಷ ಮಗ್ಗದ ಮನೆ ಕಾಯ್ದ ಬೆಕ್ಕು, ಹಿತ್ತಲ ಬಾಗಿಲು ತೆರೆದಿತ್ತೆಂದು ರಸ್ತೆಗೆ ಹೋಗಿ ಲಾರಿಗೆ ಸಿಕ್ಕಿತು. "ಮಗ್ಗ ಇಲ್ಲದ ಮನೆಯಿಂದ ಬಂದೋಳಿಗೆ ಬಾಗಿಲಿನ ಬೆಲೆ ಏನ್ ಗೊತ್ತು" ಎಂದು ಸುನಿತಾಳಿಗೆ ಅಂದು ಹೋದೆಯಲ್ಲ, ಆ ಮಾತು ಇನ್ನೂ ನಮ್ಮ ಪಡಸಾಲೆಯಲ್ಲೇ ಇದೆ. ಬಾಗಿಲಿನ ವಿಷಯ ಈಗ ಬೇಡ, ಆಮೇಲೆ ಬರೆಯುತ್ತೇನೆ. ಕೆಂಚಿ ಹೋದ ಮೇಲೆ ಇಲಿಗಳಿಗೆ ಹಬ್ಬ. ಎಳೆಗೆ ಹಚ್ಚಿದ ಗಂಜಿಯ ವಾಸನೆ ಹಿಡಿದು ಬಂದು, ನೀನು ಅರ್ಧಕ್ಕೆ ಬಿಟ್ಟು ಹೋದ ಮಾವಿನಕಾಯಿ ಬಣ್ಣದ ಸೀರೆಯ ಹಾಸನ್ನು ಮೂರು ಕಡೆ ಕಡಿದವು. ಸುನಿತಾ ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ, ಆ ಸೀರೆಯನ್ನು ಮುಗಿಸಿ ಸಾಹುಕಾರರಿಗೆ ಕೊಟ್ಟಳು. ಅವರು ಸೆರಗನ್ನು ಬಿಸಿಲಿಗೆ ಹಿಡಿದು ನೋಡಿ ಲಕ್ಷ್ಮಕ್ಕನವರ ಕೈಯಲ್ಲವೇ ಇದು ಎಂದರಂತೆ. ನೀನು ಊರಲ್ಲಿಲ್ಲ ಎಂದು ಇವಳು ಹೇಳಲಿಲ್ಲ. ಸುಮ್ಮನೆ ತಲೆಯಾಡಿಸಿ ಬಂದಳಂತೆ.

ಈಗ ನನ್ನ ಬುದ್ಧಿವಂತಿಕೆಯ ಕಥೆ. ನಗು, ಆದರೆ ಪೂರ್ತಿ ಓದಿ ನಗು. ನಿನ್ನನ್ನು ವಾಪಸ್ ಕರೆತರಲು ಒಂದು ಬೆಕ್ಕು ಬೇಕು ಎಂದು ನನ್ನ ತಲೆಗೆ ಹೊಳೆಯಿತು. ಅಂಥಿಂಥ ಬೆಕ್ಕಲ್ಲ, ನೋಡಿದ ಕೂಡಲೇ ನಿನ್ನ ಸಿಟ್ಟು ಇಳಿಯಬೇಕು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಲೆಕ್ಕ ಮುಗಿಸಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಜಂಬುಲಿಂಗಪ್ಪನ ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತೇನಲ್ಲ, ಅಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬೆಂಗಳೂರಿನಲ್ಲಿ ಜಾತಿ ಬೆಕ್ಕು ಸಾಕಿ ಮಾರುವವನೊಬ್ಬ ಸಿಕ್ಕಿದ. ಪರ್ಷಿಯನ್ ಮರಿಯಂತೆ. ಹತ್ತಿ ಉಂಡೆಯ ಹಾಗಿತ್ತು ಅವ್ವಾ, ಬಿಳಿ ಬಿಳಿ, ನೀಲಿ ಕಣ್ಣು. ಬೇರೆಯವರು ಹೇಳುವ ಬೆಲೆಯಲ್ಲಿ ಕಾಲು ಭಾಗಕ್ಕೆ ಕೊಡುತ್ತೇನೆಂದ. ಕೇಳಿದರೆ, "ದುಡ್ಡಿಗಲ್ಲ ಸಾರ್, ಒಳ್ಳೆ ಮನೆ ಸಿಗಲಿ ಅಂತ ಕೊಡ್ತಿದೀನಿ" ಎಂದ. ಇಂಥ ಮಾತಿಗೆ ನಿನ್ನ ಮಗ ಕರಗಿ ನೀರಾದ.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ಬೆಲೆಯೂ ಅಲ್ಲ, ಮಾತೂ ಅಲ್ಲ. ಆ ಫೋಟೋದಲ್ಲಿ ಮರಿ ಕೂತದ್ದು ಒಂದು ರೇಷ್ಮೆ ಸೀರೆಯ ಮೇಲೆ. ಕೆಂಪು ಒಡಲು, ಅಗಲ ಜರಿ ಅಂಚು, ನಮ್ಮ ಕಡೆಯ ಸೀರೆಗಳಲ್ಲಿ ಬರುವಂಥದೇ ಬುಟ್ಟಾ. ಬೆಕ್ಕಿನ ಮರಿಗೆ ಹಾಸಲು ರೇಷ್ಮೆ ಸೀರೆ ತೆಗೆಯುವವನು ಎಂಥ ಸ್ಥಿತಿವಂತನಿರಬೇಕು, ಅಂಥವನು ನನ್ನ ಪುಡಿ ದುಡ್ಡಿಗೆ ಮೋಸ ಮಾಡುತ್ತಾನೆಯೇ ಎಂದುಕೊಂಡೆ. ನೇಯುವವರ ಮಗ ರೇಷ್ಮೆಗೆ ಮರುಳಾಗದೆ ಇನ್ನಾವುದಕ್ಕೆ ಮರುಳಾಗಬೇಕು ಹೇಳು. ಅರ್ಧ ದುಡ್ಡು ಮುಂಗಡ ಬ್ಯಾಂಕಿಗೆ ಕಟ್ಟಬೇಕಿತ್ತು. ಮರಿಯನ್ನು ಬಸ್ಸಿನಲ್ಲಿ ಪಂಜರ ಸಮೇತ ಕಳಿಸುತ್ತೇನೆಂದ. ಬ್ಯಾಂಕಿನ ಚಲನ್ ಕೂಡ ತುಂಬಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ದುಡ್ಡು ಯಾವುದು ಗೊತ್ತೇ? ಆ ಮಾವಿನಕಾಯಿ ಬಣ್ಣದ ಸೀರೆಗೆ ಸುನಿತಾಳಿಗೆ ಬಂದ ಮೊದಲ ಕೂಲಿ. ಅತ್ತೆಗೆ ಬೆಕ್ಕು ತರಲು ಎಂದ ಕೂಡಲೇ ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದಳು.

ಕಟ್ಟುವ ಹಿಂದಿನ ದಿನ ಜಂಬುಲಿಂಗಪ್ಪನ ಅಂಗಡಿಯಲ್ಲಿ ಆ ಫೋಟೋವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದು, ಮದುವೆ ಫೋಟೋ ತೋರಿಸುವ ಹಾಗೆ ತೋರಿಸಿದೆ. ಅವಳು ಮಗ್ಗದಿಂದ ಎದ್ದು ಬಂದು, ಕೈ ಒರೆಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಮರಿಯನ್ನು ನೋಡಲಿಲ್ಲ ಅವ್ವಾ, ಮರಿಯ ಕೆಳಗಿನ ಬಟ್ಟೆಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಅಂದಳು: "ರೀ, ನಮ್ಮ ಕೆಂಚೀನ ಅತ್ತೆ ಒಂದು ದಿನಾನಾದ್ರೂ ರೇಷ್ಮೆ ಮೇಲೆ ಬಿಟ್ಟಿದ್ರಾ? ಉಗುರು ಸಿಕ್ಕಿದ್ರೆ ಎಳೆ ಕಿತ್ತು ಬರ್ತೈತೆ ಅಂತ ಹತ್ರಾನೇ ಸೇರಿಸ್ತಿರಲಿಲ್ಲ. ದಿನಾ ಬೆಕ್ಕು ಸಾಕೋನು ಬೆಕ್ಕನ್ನ ರೇಷ್ಮೆ ಮೇಲೆ ಕೂರಿಸ್ತಾನಾ?" ಅಷ್ಟಕ್ಕೇ ಬಿಡಲಿಲ್ಲ. "ಇದು ರೇಷ್ಮೆನೂ ಅಲ್ಲ. ಮಡಿಕೆ ನೋಡ್ರಿ, ಮುರಿದಂಗೆ ನಿಂತೈತೆ. ರೇಷ್ಮೆ ಹಿಂಗೆ ನಿಲ್ಲಲ್ಲ, ಜಾರ್ತೈತೆ" ಎಂದಳು. ಹುಟ್ಟಿದಾಗಿನಿಂದ ರೇಷ್ಮೆಯ ಮಧ್ಯೆ ಬೆಳೆದವನು ನಾನು. ಐದು ವರ್ಷದ ಹಿಂದೆ ಮೊದಲ ಸಲ ಲಾಳಿ ಮುಟ್ಟಿದವಳು ಅವಳು. ಕಂಡದ್ದು ಯಾರಿಗೆ ಅಂತ ನೋಡು.

ನಾನು ಸುಮ್ಮನಾಗುವ ಆಸಾಮಿಯೇ? ಸೀರೆ ಎಂಥದ್ದಾದರೇನು, ಮರಿ ಒಳ್ಳೆಯದಲ್ಲವೇ ಎಂದು ವಾದ ಮಾಡಿದೆ. ಅದಕ್ಕವಳು, "ತಾಯಿ ನೋಡಿದ್ರಾ?" ಎಂದು ಒಂದೇ ಮಾತು ಕೇಳಿದಳು. ಕೇಳಿದ ಕೂಡಲೇ ನನಗೆ ನಿನ್ನ ದನಿಯೇ ಕೇಳಿದ ಹಾಗಾಯಿತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಊರೆಲ್ಲ ಹೇಳುತ್ತದೆ, ಆದರೆ ಆ ಗಾದೆಯನ್ನು ಬೆಕ್ಕಿಗೂ ಹಚ್ಚಿದವಳು ನೀನೊಬ್ಬಳೇ. ಕೆಂಚಿಯನ್ನು ಕೊಂಡ್ಲಹಳ್ಳಿಯ ಸೂರಪ್ಪನ ಮನೆಯಿಂದ ತರುವಾಗ ತಾಯಿಬೆಕ್ಕು ಇಲಿ ಹಿಡಿದು ತರುವವರೆಗೂ ನೀನು ಅವರ ಜಗಲಿ ಬಿಟ್ಟು ಏಳಲಿಲ್ಲ ಎಂದು ನೀನೇ ಎಷ್ಟು ಸಲ ಹೇಳಿಲ್ಲ. ನನಗೆ ಹೆಣ್ಣು ನೋಡಲು ಗೌರಸಮುದ್ರಕ್ಕೆ ಹೋದಾಗಲೂ ನೀನು ಹುಡುಗಿಯನ್ನು ಒಂದು ಸಲ ನೋಡಿದೆ, ಅವಳ ತಾಯಿಯನ್ನು ಅರ್ಧ ದಿನ ನೋಡಿದೆ. ಎಂದೋ ಮಗ್ಗ ಮಾರಿ ಕೂಲಿಗೆ ಹೋಗುತ್ತಿದ್ದ ಆ ತಾಯಿ, ನಾವು ಬರುತ್ತೇವೆಂದು ಬೇರೆಯವರ ಮನೆಯಿಂದ ತಟ್ಟೆ ಲೋಟ ಕಡ ತರಲಿಲ್ಲ, ಇದ್ದದ್ದರಲ್ಲೇ ಬಡಿಸಿದಳು. "ಸುಳ್ಳಿಲ್ಲದ ಮನೆ ಕಣ್ಲೇ, ಹೂಂ ಅನ್ನು" ಎಂದು ಬಸ್ಸಿನಲ್ಲಿ ನನಗೆ ಹೇಳಿದವಳು ನೀನೇ.

ಮರುದಿನ ಬೆಳಿಗ್ಗೆ ಅವಳೇ ನನ್ನ ಮೊಬೈಲಿನಿಂದ ಅವನಿಗೆ ಫೋನ್ ಮಾಡಿದಳು. ಗಟ್ಟಿ ದನಿಯ ಬಟನ್ ಒತ್ತಿದ್ದರಿಂದ ನನಗೂ ಎಲ್ಲ ಕೇಳುತ್ತಿತ್ತು. "ನಾವೇ ಬೆಂಗ್ಳೂರಿಗೆ ಬರ್ತೀವಿ. ತಾಯಿ ಜೊತೆ ಮರೀನ ನೋಡಿ, ಕೈಗೆ ದುಡ್ಡು ಕೊಟ್ಟು ತರ್ತೀವಿ, ಮನೆ ಎಲ್ಲೈತೆ ಹೇಳ್ರಿ" ಎಂದಳು. ಹೊರಗಿನವರು ಬಂದರೆ ಮರಿಗಳಿಗೆ ರೋಗ ತಗಲುತ್ತದೆ ಎಂದ ಆ ಪುಣ್ಯಾತ್ಮ. ಆಗಲಿ, ಹಾಗಾದರೆ ತಾಯಿಯ ಜೊತೆ ಇವತ್ತೇ ಒಂದು ಫೋಟೋ ತೆಗೆದು ಕಳಿಸಿ, ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಡಿ ಎಂದಳು. ನಿಂಬೆಹಣ್ಣು ಯಾಕೆ ಎಂದು ಅವನಿಗೆ ಗಾಬರಿ. "ದೃಷ್ಟಿ ಆಗಬಾರ್ದು ಅಂತ" ಎಂದಳು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನಾನು ಟವೆಲ್ ಬಾಯಿಗೆ ತುರುಕಿಕೊಂಡು ನಕ್ಕೆ. ಹಳೆಯ ಫೋಟೋದಲ್ಲಿ ನಿಂಬೆಹಣ್ಣು ಎಲ್ಲಿಂದ ಬರಬೇಕು? ಆಗ ಅವನು ತಾಯಿಬೆಕ್ಕು ಸತ್ತುಹೋಯಿತು ಎಂದ. ಎರಡು ದಿನದ ಹಿಂದೆ ನನಗೆ, ತಾಯಿ ಪ್ರದರ್ಶನದಲ್ಲಿ ಕಪ್ ಗೆದ್ದಿದೆ, ಈಗ ಸೋಫಾ ಮೇಲೆ ಮಲಗಿದೆ ಎಂದಿದ್ದ. ಕೊನೆಗೆ ಅವನ ದನಿಯೇ ಬೇರೆಯಾಯಿತು. ಇನ್ನಿಬ್ಬರು ಕೇಳುತ್ತಿದ್ದಾರೆ, ಮಧ್ಯಾಹ್ನದೊಳಗೆ ದುಡ್ಡು ಕಟ್ಟದಿದ್ದರೆ ಮರಿ ಇಲ್ಲ ಎಂದು ಗದರಿದ. ಸುನಿತಾ, "ಅವರಿಗೇ ಕೊಡ್ರಿ, ಅವರ ಮನೇನೂ ಒಳ್ಳೆ ಮನೇನೇ ಇರ್ತೈತೆ" ಎಂದು ಫೋನ್ ಇಟ್ಟಳು.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಚೂರು ಆಸೆ ಉಳಿದಿತ್ತು. ಮರಿಗೆ ಸೂಜಿ ಹಾಕಿಸಿದ್ದಕ್ಕೆ ಅವನು ಫೋಟೋ ಜೊತೆ ಮೊಹರು ಸಮೇತ ಒಂದು ಸರ್ಟಿಫಿಕೇಟನ್ನೂ ಕಳಿಸಿದ್ದ, ಅದರ ಪ್ರಿಂಟ್ ತೆಗೆದು ಅವಳ ಮುಂದಿಟ್ಟೆ. ಅದನ್ನು ಮಡಚಿಕೊಂಡು ದನದ ಆಸ್ಪತ್ರೆಗೆ ಹೋಗಿ ಮಾರಣ್ಣನಿಗೆ ತೋರಿಸಿದಳು. ನಿನಗೆ ಗೊತ್ತಲ್ಲ, ಡಾಕ್ಟರ ಜೊತೆ ಇಪ್ಪತ್ತು ವರ್ಷದಿಂದ ಇದ್ದಾನೆ. ಅವನು ತಾರೀಖುಗಳನ್ನು ಬೆರಳಲ್ಲಿ ಎಣಿಸಿ, "ನೋಡಮ್ಮ, ಹುಚ್ಚುನಾಯಿ ರೋಗದ ಸೂಜೀನ ಮೂರು ತಿಂಗಳಾದ ಮ್ಯಾಲೆ ಹಾಕೋದು. ಇದರಾಗೆ ಇಪ್ಪತ್ತು ದಿನದ ಮರೀಗೆ ಹಾಕವ್ರೆ. ಹಾಕಿದೋರಿಗೇ ಮೊದಲು ಹಾಕಿಸಬೇಕು" ಎಂದನಂತೆ. ಅಲ್ಲಿಗೆ ನನ್ನ ಆಸೆ ಸತ್ತಿತು. ಮುಂದಿನ ವಾರ ಜಂಬುಲಿಂಗಪ್ಪ ಕರೆದು ತೋರಿಸಿದ. ಅದೇ ಮರಿ, ಅದೇ ಕೆಂಪು ಸೀರೆ, ಈ ಸಲ ಹೈದರಾಬಾದಿನಲ್ಲಿ ಬೇರೆ ಹೆಸರಿನವನು ಮಾರಾಟಕ್ಕಿಟ್ಟಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಲ್ಲಿ ಕಾಪಿ ಬರೆದವನು ನಾನು. ಅಕ್ಷರ ದುಂಡಗೆ ಬಂತು, ಬುದ್ಧಿ ಬರಲಿಲ್ಲ.

ಇವಳನ್ನು ಹೊಗಳಲು ನನಗೆ ನಾಚಿಕೆಯಿಲ್ಲ ಅವ್ವಾ. ಪಿಯುಸಿ ಓದಿದವನು ನಾನು, ಏಳನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಇಂಟರ್ನೆಟ್ ಎಂದರೆ ಏನೆಂದು ಅವಳು ಕೇಳಲೂ ಇಲ್ಲ. ನೂಲು ಕೊಳ್ಳುವಾಗ ನೀನು ಹೇಗೆ ಅವಸರ ಮಾಡುವವನನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗುತ್ತೀಯೋ, ಅಷ್ಟನ್ನೇ ಮಾಡಿದಳು. ಹೇಗೆ ಗೊತ್ತಾಯಿತು ನಿನಗೆ ಎಂದು ಕೇಳಿದರೆ, "ಅತ್ತೆ ಮಾಡೋದನ್ನ ಐದು ವರ್ಷ ಮಗ್ಗದ ಪಕ್ಕ ಕೂತು ನೋಡಿಲ್ವಾ" ಎಂದಳು. ನೀನು ಅವಳಿಗೆ ಏನನ್ನೂ ಕಲಿಸಿಲ್ಲವೆಂದುಕೊಂಡಿದ್ದೀ. ಅವಳು ಎಲ್ಲವನ್ನೂ ಕಲಿತು ಕೂತಿದ್ದಾಳೆ.

ಇನ್ನೊಂದು ಸಂಗತಿ ನಡೆಯಿತು, ಅದೇ ನನಗೆ ಈ ಕಾಗದ ಬರೆಯುವ ಹಾಗೆ ಮಾಡಿದ್ದು. ಬೆಂಗಳೂರಿನಿಂದ ಬಿಳಿ ಬೆಕ್ಕು ಬರುತ್ತದೆಂದು ನಾನು ಮೊದಲೇ ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದೆ. ಎದುರು ಮನೆಯ ನಾಗಕ್ಕ ನೀರಿಗೆ ಬಂದವಳು, ಎಲ್ಲಿ ನಿನ್ನ ಗಂಡನ ಬಿಳಿ ಬೆಕ್ಕು ಎಂದು ಸುನಿತಾಳನ್ನು ಕೇಳಿದಳು. ನಾನು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದೆ. ಈಗ ಊರೆಲ್ಲ ನಗುತ್ತದೆ ಎಂದು ಕೈ ತೋಳಿನಲ್ಲೇ ನಿಂತಿತು. ಸುನಿತಾ ಏನು ಹೇಳಿದಳು ಗೊತ್ತೇ? "ನಾನೇ ಫೋಟೋ ನೋಡಿ ಆಸೆ ಪಟ್ಟು ಹಟ ಮಾಡಿದ್ದೆ ನಾಗಕ್ಕ, ಇವರೇ ಬ್ಯಾಡ ಅಂದ್ರು." ಎಷ್ಟು ಸಲೀಸಾಗಿ ಹೇಳಿದಳೆಂದರೆ ನಾಗಕ್ಕ ಅವಳಿಗೇ ಬುದ್ಧಿ ಹೇಳಿ ಹೋದಳು. ಆಕೆ ಹೋದ ಮೇಲೂ ಇವಳು ನನ್ನ ಮುಖ ನೋಡಲಿಲ್ಲ, ಕೊಡ ಎತ್ತಿಕೊಂಡು ಒಳಗೆ ಬಂದಳು.

ಹೋದ ಸೋಮವಾರ ಅವಳು ಕೊಂಡ್ಲಹಳ್ಳಿಗೆ ಹೋಗಿ ಬಂದಳು, ಸೂರಪ್ಪನ ಮನೆಗೇ. ಅಲ್ಲಿ ಈಗಿರುವುದು ಕೆಂಚಿಯ ಅಕ್ಕನ ಮಗಳಂತೆ. ಅದು ಮೂರು ಮರಿ ಹಾಕಿದೆ. ನಿನ್ನ ಹಾಗೆಯೇ ಇವಳೂ ಅವರ ಜಗಲಿ ಹಿಡಿದು ಕೂತಳಂತೆ. ತಾಯಿಗೆ ಹಾಲು ಹಾಕಿ, ಮರಿಗಳು ಮೊಲೆ ಬಿಟ್ಟು ಅನ್ನ ತಿನ್ನುತ್ತವೆಯೇ ನೋಡಿ, ಕಣ್ಣು, ಕಿವಿ, ಹೊಟ್ಟೆ ಎಲ್ಲ ಸವರಿ ನೋಡಿ, ಕೊನೆಗೆ ಹುಲ್ಲುಕಡ್ಡಿ ಆಡಿಸಿದಾಗ ಎಲ್ಲಕ್ಕಿಂತ ಮೊದಲು ಹಾರಿದ ಕೆಂಚು ಮರಿಯನ್ನು ಆರಿಸಿದಳಂತೆ. ಬೆಕ್ಕಿಗೆ ದುಡ್ಡು ಕೊಡಬಾರದೆಂದು ನೀನು ಅಂದು ಕೊಟ್ಟ ಹಾಗೆಯೇ ಒಂದು ಸೇರು ರಾಗಿ ಕೊಟ್ಟು, ದಾರಿ ಗುರುತು ಸಿಗದ ಹಾಗೆ ಗೋಣಿಚೀಲದಲ್ಲಿ ಹಾಕಿಕೊಂಡು ಬಂದಳು. ಮಾರಣ್ಣನಿಗೂ ತೋರಿಸಿ ಬಂದಿದ್ದಾಳೆ, ಗಟ್ಟಿಮುಟ್ಟಾಗಿದೆ ಎಂದನಂತೆ.

ಆದರೆ ಮರಿ ಇನ್ನೂ ಜಗಲಿಯ ಮೇಲೆ ಪುಟ್ಟಿಯಲ್ಲಿದೆ. ಒಳಗೆ ಇಲಿ, ಹೊರಗೆ ಬೆಕ್ಕು, ಇದೆಂಥ ಸಂಸಾರ ಎಂದು ನಾನೇ ಎತ್ತಿ ಒಳಗೆ ಬಿಡಲು ಹೋದೆ, ಅವಳು ಅಡ್ಡ ನಿಂತಳು. ನಮ್ಮ ಮನೆಯಲ್ಲಿ ಹೊಸ ಮರಿಯನ್ನು ಹಿರಿಯ ಹೆಂಗಸು ಮಡಿಲಲ್ಲಿ ಹೊಸ್ತಿಲು ದಾಟಿಸಿ, ಅದರ ಕಾಲು ಮಗ್ಗಕ್ಕೆ ಮುಟ್ಟಿಸಬೇಕಲ್ಲ. ಅತ್ತೆ ಇಲ್ಲದಾಗ ನೀನೇ ಹಿರಿಯಳು ಎಂದೆ. "ನಾನು ಒಳಕ್ಕೆ ಬಿಟ್ರೆ, ಅವರಿನ್ನು ಬರಲ್ಲ ಅಂತ ನಾನೇ ಹೇಳಿದಂಗಾಗ್ತೈತೆ" ಎಂದಳು. ನಾನು ಮರಿಯನ್ನು ಮತ್ತೆ ಪುಟ್ಟಿಗೆ ಬಿಟ್ಟೆ. ಮಗ್ಗ ಬಿಟ್ಟು ಎದ್ದಾಗಲೆಲ್ಲ ಹೋಗಿ ಅದರ ಪಕ್ಕ ಕೂರುತ್ತಾಳೆ. ಹೆಸರನ್ನೂ ಇಟ್ಟಿಲ್ಲ, ನೀನು ಇಡಬೇಕಂತೆ.

ಗೌರಿ ಹಬ್ಬ ಹತ್ತಿರ ಬಂತು. ಮಂಜಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ಹೇಳು, ಮಗುವಿಗೆ ಮಾವನ ಮುತ್ತು. ನಿನ್ನ ಕಾಲು ಹಿಡಿದು ಸುನಿತಾಳೂ ನಮಸ್ಕಾರ ಹೇಳಿದ್ದಾಳೆ. ಹೇಳು ಎಂದು ಅವಳು ಹೇಳಲಿಲ್ಲ, ಆದರೂ ನಾನು ಬರೆಯುತ್ತಿದ್ದೇನೆ.

ನಿನ್ನ ಮಗ,
ಮಾರುತೇಶ

ಮರೆತ ಮಾತು: ಮರೆತಿರಲಿಲ್ಲ, ಹೆದರಿ ಕೊನೆಗೆ ಇಟ್ಟುಕೊಂಡೆ. ಅವತ್ತು ಹಿತ್ತಲ ಬಾಗಿಲು ತೆರೆದಿಟ್ಟವನು ನಾನು. ಮೊಪೆಡ್ ಒಳಗೆ ತಂದು ನಿಲ್ಲಿಸಿ, ಫೋನ್ ಬಂತೆಂದು ಮಾತಾಡುತ್ತಾ ಅಗುಳಿ ಹಾಕದೆ ಹೋದೆ. ನೀನು ಕೆಂಚಿಯನ್ನು ಎತ್ತಿಕೊಂಡು ಬಂದು ಯಾರು ತೆಗೆದಿಟ್ಟದ್ದು ಎಂದು ಕೇಳಿದಾಗ ನಾನು ನಾಲಿಗೆ ಕಚ್ಚಿಕೊಂಡು ನಿಂತಿದ್ದೆ, ಅಷ್ಟರಲ್ಲಿ ಸುನಿತಾ "ನಾನೇ ಅತ್ತೆ" ಎಂದುಬಿಟ್ಟಳು. ಯಾಕೆ ಹಾಗಂದೆ ಎಂದು ಆಮೇಲೆ ಕೇಳಿದರೆ, "ಸೊಸೆ ಮ್ಯಾಲಿನ ಸಿಟ್ಟು ಬಾಯಿಂದ ಆಚೆ ಹೋಗ್ತೈತೆ, ಮಗನ ಮ್ಯಾಲಿಂದಾದ್ರೆ ಅತ್ತೇನ ಒಳಗೇ ಕೊರೀತೈತೆ" ಎಂದಳು. ಎರಡು ತಿಂಗಳು ಅವಳ ಬೆನ್ನಿನ ಹಿಂದೆ ಅಡಗಿಕೊಂಡಿದ್ದೆ. ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ಅವ್ವಾ, ನೀನು ನೋಡಿ ತಂದ ನೂಲು ಕೆಟ್ಟಿಲ್ಲ, ಕೆಟ್ಟದ್ದು ನೀನು ಹೆತ್ತದ್ದು. ಮುಂದಿನ ವಾರ ಬುಧವಾರ ಬೆಳಗಿನ ಬಸ್ಸಿಗೆ ಬಾ, ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಅಲ್ಲೇ ಎಲ್ಲರ ಮುಂದೆ ನನಗೆ ಎರಡು ಬಾರಿಸು. ಮನೆಗೆ ಬಂದ ಮೇಲೆ ಮಾತ್ರ, ಮರಿಯನ್ನು ಎತ್ತಿಕೊಳ್ಳುವ ಮುಂಚೆ, ಮೊದಲು ಅವಳನ್ನು ಮಾತಾಡಿಸು.